ಬಹೂಪಯೋಗಿ ಕ್ರೀಡಾಂಗಣದ ಸ್ವರೂಪ: ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವನ್ನು ಕುರಿತ ಒಂದು ವಿವೇಚನೆ

೧. ವಿಷಯ ಪ್ರವೇಶ

ರಾಜಧಾನಿಯೆನಿಸಿದ ನಗರಕ್ಕೆ ಶಾಸನಸಭೆ, ಉಚ್ಚ ನ್ಯಾಯಾಲಯ, ವಿಶ್ವವಿದ್ಯಾನಿಲಯಗಳು ಹೇಗೆ ಲಕ್ಷಣಗಳೋ ಹಾಗೆಯೇ ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಕ್ರೀಡಾಂಗಣವೊಂದು ಕೂಡ ಲಕ್ಷಣವಾಗಿ ಬೆಳೆದುಬಂದಿತು. ಹೊಸದಾಗಿ ಸ್ವಾತಂತ್ರ್ಯ ಪಡೆದ ಆಫ್ರಿಕ ಖಂಡದ ದೇಶಗಳಲ್ಲಿ ಇದು ವಿಶೇಷವಾಗಿ ಎದ್ದು ಕಾಣುತ್ತದೆ. ಜಿಂಬಾಬ್ವೆಯ ಸ್ವಾತಂತ್ರ್ಯದ ಧ್ವಜವು ೧೯೮೦ರ ಏಪ್ರಿಲ್ ೧೭-೧೮ರ ನಡುರಾತ್ರಿ ಏರಿದ್ದು ರಾಜಧಾನಿಯ ರುಫಾರೋ ಎಂಬ ಕಾಲ್ಚೆಂಡಿನ ಕ್ರೀಡಾಂಗಣದಲ್ಲಿ. ಅಂದು ಝಾಯಿರ್ ಎನಿಸಿದ್ದ ದೇಶದ ರಾಜಧಾನಿ ಕಿನ್‌ಶಾಸಾದಲ್ಲಿ ೧೯೭೪ರ ಅಕ್ಟೋಬರ್ ೩೦ರಂದು ಮಹಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ಇವರ ಜಗತ್ಪ್ರಸಿದ್ಧ ಮುಷ್ಟಿಯುದ್ಧ ನಡೆದುದೂ ಕಾಲ್ಚೆಂಡಿನ ಬಯಲಿನಲ್ಲಿಯೇ. ಆಟಕ್ಕೆಂದು ಕಟ್ಟಿದ ಜಾಗವು ಹೀಗೆ ರಾಷ್ಟ್ರದ ಅಂಗಳವೂ ಆಗಿಬಿಡುವುದು ಈ ಕಟ್ಟಡಗಳ ಸಹಜ ಗತಿಯೆನ್ನಬಹುದು.

ನಮ್ಮ ರಾಜ್ಯದಲ್ಲಿ ಇದಕ್ಕೆ ಸಮನಾದ ಉದಾಹರಣೆಯನ್ನು ಹುಡುಕುವವರು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದ ದಕ್ಷಿಣಕ್ಕೆ, ಸಂಪಂಗಿರಾಮನಗರದ ಪಕ್ಕದಲ್ಲಿ ಇರುವ ಶ್ರೀ ಕಂಠೀರವ ಕ್ರೀಡಾಂಗಣವೇ ಆ ಉದಾಹರಣೆ. ಕಂಠೀರವವೆಂದರೆ ಸಿಂಹ. ಹದಿನೇಳನೆಯ ಶತಮಾನದ ರಣಧೀರ ಕಂಠೀರವ ನರಸರಾಜ ಒಡೆಯರಿಂದ ಹಿಡಿದು ಇಪ್ಪತ್ತನೆಯ ಶತಮಾನದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರೆಗೆ ಮೈಸೂರು ರಾಜಮನೆತನದಲ್ಲಿ ನಡೆದುಬಂದ ಹೆಸರು ಇದು. ಸುಮಾರು ೨೫,೦೦೦ ಜನ ಕೂಡಬಹುದಾದ ಈ ಅಂಗಣದಲ್ಲಿ ಕಾಲ್ಚೆಂಡಾಟ, ಓಟ, ನೆಗೆತ, ಎಸೆತ, ರಾಜಕೀಯ ಸಮಾರಂಭ, ಗಣ್ಯರ ಅಂತಿಮದರ್ಶನ ಎಲ್ಲವೂ ನಡೆದಿವೆ.

ಒಂದೇ ಜಾಗವನ್ನು ಹಲವು ಕೆಲಸಗಳಿಗೆ ಬಳಸುವುದು ಮೇಲ್ನೋಟಕ್ಕೆ ಮಿತವ್ಯಯದ ಮಾತು. ಆದರೆ ಒಂದು ಉಪಯೋಗಕ್ಕೆ ಅನುಕೂಲವಾದದ್ದು ಇನ್ನೊಂದಕ್ಕೆ ಅಡ್ಡಿಯಾಗುವುದುಂಟು. ಆ ಅಡ್ಡಿಯ ಭಾರವು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಈ ಲೇಖನದಲ್ಲಿ ನಾವು ಮೊದಲು ಈ ನೆಲದ ಪೂರ್ವೇತಿಹಾಸವನ್ನೂ, ಬಳಿಕ ಬಹೂಪಯೋಗಿ ಕ್ರೀಡಾಂಗಣದ ರಚನೆಯ ಗಣಿತವನ್ನೂ, ಕೊನೆಗೆ ಅದರ ಸಾಮಾಜಿಕ ಪರಿಣಾಮಗಳನ್ನೂ ಪರಿಶೀಲಿಸುತ್ತೇವೆ.

೨. ಕೆರೆಯ ಅಂಗಳದಿಂದ ಆಟದ ಅಂಗಳಕ್ಕೆ

ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದ ಮೇಲೆ. ಈ ಕೆರೆಯನ್ನು ಬೆಂಗಳೂರಿನ ನಿರ್ಮಾಪಕನಾದ ಕೆಂಪೇಗೌಡನ ಕಾಲಕ್ಕೆ ಸಂಬಂಧಿಸಿ ಹೇಳುವುದು ವಾಡಿಕೆ. ೧೫೩೭ರಲ್ಲಿ ಬೆಂಗಳೂರಿನ ಪೇಟೆಯನ್ನು ಕಟ್ಟಿದನೆಂದು ಪ್ರಸಿದ್ಧನಾದ ಆ ನಾಡಪ್ರಭುವಿನ ವಂಶದವರು ೧೬೩೮ರಲ್ಲಿ ಬೆಂಗಳೂರನ್ನು ಬಿಜಾಪುರದ ಸೇನೆಗೆ ಬಿಟ್ಟುಕೊಟ್ಟು, ಮಾಗಡಿಯನ್ನು ನೆಲೆಯಾಗಿ ಮಾಡಿಕೊಂಡು ಆಳಿದರೆಂಬುದು ನಮ್ಮ ಭಾಗದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ನದಿಯಿಲ್ಲದ ಎತ್ತರದ ಬಯಲಿನಲ್ಲಿ ನಗರ ಕಟ್ಟುವವನು ಮೊದಲು ಕೆರೆ ಕಟ್ಟಬೇಕಾಗಿತ್ತು. ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ, ಮೇಲಣ ಕೆರೆ ತುಂಬಿ ಕೋಡಿ ಹರಿದಾಗ ನೀರು ಕೆಳಗಣ ಕೆರೆಗೆ ಸೇರುವಂತೆ ಸಾಲಾಗಿ ರಚಿಸಿದ ಈ ಕೆರೆಗಳೇ ಬೆಂಗಳೂರಿನ ಜೀವನಾಧಾರವಾಗಿದ್ದುವು.

೧೮೦೯ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಯೂರಿದ ಮೇಲೆ ಸಂಪಂಗಿ ಕೆರೆ ಪೇಟೆಗೂ ದಂಡಿಗೂ ನಡುವೆ ಬಿದ್ದಿತು. ಎರಡು ಕಡೆಯವರೂ ಅದರ ನೀರನ್ನು ಬಳಸುತ್ತಿದ್ದರು. ಕೆರೆಯ ಸುತ್ತಲಿನ ತೋಟಗಳಲ್ಲಿ ತಿಗಳ ಸಮುದಾಯದವರು ಹೂವು, ತರಕಾರಿ ಬೆಳೆಯುತ್ತಿದ್ದರು. ೧೮೯೦ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಯ ಮೂಲಕ ನಗರಕ್ಕೆ ನೀರು ಬಂದಿತು. ಅಂದಿನಿಂದ ನಗರದ ನಡುವಣ ಕೆರೆಗಳು ಕುಡಿಯುವ ನೀರಿನ ಮೂಲವೆಂಬ ಸ್ಥಾನವನ್ನು ಕಳೆದುಕೊಂಡುವು. ಬೇಡವಾದ ಕೆರೆಯು ಆಡಳಿತದ ಕಣ್ಣಿಗೆ ಸೊಳ್ಳೆಯ ತಾಣವಾಗಿಯೂ ಖಾಲಿ ನಿವೇಶನವಾಗಿಯೂ ಕಾಣತೊಡಗಿದುದು ಆಶ್ಚರ್ಯವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಸಂಪಂಗಿ ಕೆರೆ ಕ್ರಮಕ್ರಮವಾಗಿ ಬರಿದಾಗಿ ಬಯಲಾಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹೆಸರಘಟ್ಟದ ನೀರು ಅರ್ಕಾವತಿಯ ನೀರು. ನಂದಿಬೆಟ್ಟದ ಕಡೆಯಿಂದ ಹರಿದು ಬರುವ ಈ ನದಿಗೆ ೧೯೩೩ರಲ್ಲಿ ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಅಣೆಕಟ್ಟು ಆಯಿತು. ಮುಂದೆ ಅದೇ ನದಿ ಮಂಚನಬೆಲೆ, ರಾಮನಗರ, ಕನಕಪುರಗಳನ್ನು ದಾಟಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಎಂದರೆ ರಾಜಧಾನಿಯು ತನ್ನ ಕೆರೆಗಳನ್ನು ಆಟದ ಬಯಲಾಗಿ ಮಾಡಿಕೊಳ್ಳಲು ಸಾಧ್ಯವಾದುದು ನಮ್ಮ ಸೀಮೆಗೆ ಇಳಿದು ಬರಬೇಕಾಗಿದ್ದ ನೀರನ್ನು ಮೇಲೆಯೇ ತಡೆದು ಬಳಸಿಕೊಂಡುದರಿಂದ. ಕ್ರೀಡಾಂಗಣದ ಚರಿತ್ರೆಯಲ್ಲಿ ನದಿಯ ಚರಿತ್ರೆಯೂ ಅಡಗಿದೆಯೆಂಬುದನ್ನು ಭೂಗೋಳದ ವಿದ್ಯಾರ್ಥಿಗಳು ಮರೆಯಬಾರದು.

ಸಂಪಂಗಿ ಕೆರೆಯದು ಒಂಟಿ ಉದಾಹರಣೆಯಲ್ಲ. ಶೂಲೆ ಕೆರೆಯ ಜಾಗದಲ್ಲಿ ಅಶೋಕನಗರದ ಕಾಲ್ಚೆಂಡಿನ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ, ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಕೋರಮಂಗಲದ ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದುವು. ಕೆರೆಯ ಅಂಗಳವೇ ಇಷ್ಟು ಸಲ ಆಯ್ಕೆಯಾದುದಕ್ಕೆ ಕಾರಣಗಳು ಸ್ಪಷ್ಟ. ಅದು ಸರ್ಕಾರದ ನೆಲ, ಭೂಸ್ವಾಧೀನದ ತೊಡಕಿಲ್ಲ. ಅದು ಮಟ್ಟಸವಾದ, ಮರಮನೆಗಳಿಲ್ಲದ, ಎಕರೆಗಟ್ಟಲೆ ಒಂದೇ ತುಂಡಾಗಿ ಸಿಗುವ ನೆಲ. ಅದು ನಗರದ ನಡುವೆಯೇ ಇದೆ. ಆದರೆ ಇವುಗಳ ಜೊತೆಗೆ ಒಂದು ದೋಷವೂ ಹುಟ್ಟಿನಿಂದಲೇ ಅಂಟಿಬರುತ್ತದೆ. ಸುತ್ತಲಿನ ಮಳೆನೀರು ಹರಿದು ಸೇರುವ ತಗ್ಗು ಅದು. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ.

ಕೆರೆ ಹೋದರೂ ಅದರ ನೆನಪು ಪೂರ್ತಿಯಾಗಿ ಅಳಿದಿಲ್ಲ. ಚೈತ್ರಮಾಸದ ಬೆಂಗಳೂರು ಕರಗದಲ್ಲಿ ಹಸಿ ಕರಗವು ಹೊರಡುವುದು ಸಂಪಂಗಿ ಕೆರೆಯ ನೆಲೆಯಿಂದಲೇ. ಅದಕ್ಕಾಗಿ ಕ್ರೀಡಾಂಗಣದ ಮಗ್ಗುಲಿನಲ್ಲಿ ಚಿಕ್ಕ ಕೊಳವೊಂದನ್ನು ಉಳಿಸಿಕೊಂಡಿದ್ದಾರೆ. ಒಂದು ಕಾಲದಲ್ಲಿ ಈ ಕೆರೆಯ ನೀರಿನಿಂದ ತೋಟ ಮಾಡಿದವರ ಸಮುದಾಯವೇ ಆ ಆಚರಣೆಯನ್ನು ನಡೆಸಿಕೊಂಡು ಬರುತ್ತಿರುವುದು ಅರ್ಥಪೂರ್ಣವಾಗಿದೆ. ನೆಲದ ಬಹೂಪಯೋಗವೆಂದರೆ ಏಕಕಾಲದ ಹಲವು ಉಪಯೋಗಗಳಷ್ಟೇ ಅಲ್ಲ, ಕಾಲಾನುಕ್ರಮದಲ್ಲಿ ಒಂದರ ಮೇಲೊಂದು ಬಂದು ಕೂತ ಉಪಯೋಗಗಳೂ ಹೌದು ಎಂಬುದಕ್ಕೆ ಈ ಕೊಳವು ಸಾಕ್ಷಿ.

೩. ಅಂಡಾಕಾರದ ಒಳಗೆ ಆಯತ: ರಚನೆಯ ಗಣಿತ

ಓಟದ ಟ್ರ್ಯಾಕಿನೊಳಗೆ ಕಾಲ್ಚೆಂಡಿನ ಬಯಲನ್ನು ಕೂರಿಸುವುದು ಬಹೂಪಯೋಗಿ ಕ್ರೀಡಾಂಗಣದ ಮೂಲ ಸಮಸ್ಯೆ. ‘ಸ್ಟೇಡಿಯಂ’ ಎಂಬ ಮಾತೇ ಗ್ರೀಕರ ಓಟದ ಅಳತೆಯೊಂದರಿಂದ ಬಂದಿತು. ಒಲಿಂಪಿಯಾದಲ್ಲಿ ಆ ಅಳತೆ ಸುಮಾರು ೧೯೨ ಮೀಟರು. ಇಂದಿನ ಅಂತಾರಾಷ್ಟ್ರೀಯ ಮಾದರಿಯ ಟ್ರ್ಯಾಕಿಗೆ ೮೪.೩೯ ಮೀಟರಿನ ಎರಡು ನೇರ ಭಾಗಗಳೂ, ಒಳ ಅಂಚಿಗೆ ೩೬.೫೦ ಮೀಟರು ತ್ರಿಜ್ಯದ ಎರಡು ಅರ್ಧವೃತ್ತಗಳೂ ಇವೆ. ಓಟಗಾರನು ಒಳ ಅಂಚಿನಿಂದ ೩೦ ಸೆಂಟಿಮೀಟರು ಹೊರಗೆ ಓಡುತ್ತಾನೆಂದು ಲೆಕ್ಕ. ಹೀಗೆ ಎರಡು ಅರ್ಧವೃತ್ತಗಳೂ ಕೂಡಿ ೨೩೧.೨೨ ಮೀಟರು, ಎರಡು ನೇರಗಳೂ ಕೂಡಿ ೧೬೮.೭೮ ಮೀಟರು, ಒಟ್ಟು ಸರಿಯಾಗಿ ೪೦೦ ಮೀಟರು.

ಈ ಅಂಡಾಕಾರದ ಒಳಗೆ ಅಂತಾರಾಷ್ಟ್ರೀಯ ಪಂದ್ಯಗಳಿಗೆ ಬೇಕಾದ ೧೦೫ ಮೀಟರು ಉದ್ದ, ೬೮ ಮೀಟರು ಅಗಲದ ಆಯತವನ್ನು ಇಟ್ಟು ನೋಡೋಣ. ಒಳಜಾಗದ ಅಗಲ ೭೩ ಮೀಟರು. ಆದ್ದರಿಂದ ಪಕ್ಕಗಳಲ್ಲಿ ತಲಾ ಎರಡೂವರೆ ಮೀಟರು ಉಳಿಯುತ್ತದೆ. ಆದರೆ ಆಯತದ ಮೂಲೆಗಳು ನೇರಭಾಗವನ್ನು ದಾಟಿ ಅರ್ಧವೃತ್ತದೊಳಕ್ಕೆ ಹತ್ತು ಮೀಟರಿಗೂ ಸ್ವಲ್ಪ ಹೆಚ್ಚಾಗಿ ಚಾಚುತ್ತವೆ. ಅರ್ಧವೃತ್ತದ ಕೇಂದ್ರದಿಂದ ಆ ಮೂಲೆಗೆ ಇರುವ ದೂರವನ್ನು ಪೈಥಾಗೊರಸನ ಸೂತ್ರದಿಂದ ಲೆಕ್ಕ ಹಾಕಿದರೆ ೩೫.೫೩ ಮೀಟರು ಬರುತ್ತದೆ. ತ್ರಿಜ್ಯ ೩೬.೫೦ ಮೀಟರಾದುದರಿಂದ ಮೂಲೆಗೂ ಟ್ರ್ಯಾಕಿಗೂ ನಡುವೆ ಉಳಿಯುವುದು ಒಂದು ಮೀಟರಿಗೂ ಕೊಂಚ ಕಡಿಮೆ. ಮೂಲೆ ಒದೆತಕ್ಕೆ ನಾಲ್ಕು ಹೆಜ್ಜೆ ಹಿಂದಿನಿಂದ ಓಡಿಬರುವ ಆಟಗಾರನು ಟ್ರ್ಯಾಕಿನ ಮೇಲೆ ಕಾಲಿಡದೆ ಗತ್ಯಂತರವಿಲ್ಲ. ಎರಡು ಆಟಗಳ ಅಳತೆಗಳು ಎಷ್ಟು ಇಕ್ಕಟ್ಟಿನಲ್ಲಿ ಹೊಂದಿಕೊಳ್ಳುತ್ತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಡ.

ಇನ್ನು ಪ್ರೇಕ್ಷಕನ ಸ್ಥಿತಿ. ಪ್ರತಿಯೊಂದು ಲೇನಿನ ಅಗಲ ೧.೨೨ ಮೀಟರಾದುದರಿಂದ ಎಂಟು ಲೇನುಗಳಿಗೆ ೯.೭೬ ಮೀಟರು ಬೇಕು. ಪಕ್ಕದ ಗ್ಯಾಲರಿಯಲ್ಲಿ ಕುಳಿತವನಿಗೂ ಆಟದ ಗೆರೆಗೂ ಕನಿಷ್ಠ ೧೨ ಮೀಟರು ಅಂತರವಿರುತ್ತದೆ. ಗೋಲಿನ ಹಿಂದೆ ಕುಳಿತವನಿಗಂತೂ ಈ ಅಂತರ ಸುಮಾರು ೩೬ ಮೀಟರು. ಅಷ್ಟು ದೂರದಿಂದ ಎದುರು ಬದಿಯ ಗೋಲನ್ನು ನೋಡುವವನು ೧೪೦ ಮೀಟರಿಗೂ ಆಚೆಯದನ್ನು ನೋಡಬೇಕಾಗುತ್ತದೆ. ಕಾಲ್ಚೆಂಡಾಟಕ್ಕೆ ಮಾತ್ರವೇ ಕಟ್ಟಿದ ಅಂಗಣಗಳಲ್ಲಿ ಗೋಲಿನ ಹಿಂದಣ ಅಂತರ ಹತ್ತು ಮೀಟರಿನ ಆಸುಪಾಸಿನಲ್ಲಿ ಇರುವುದುಂಟು. ಜರ್ಮನಿಯ ಮ್ಯೂನಿಕ್ ನಗರದ ಬಯರ್ನ್ ತಂಡವು ೧೯೭೨ರ ಒಲಿಂಪಿಕ್ಸಿಗೆ ಕಟ್ಟಿದ ಸುಂದರವಾದ ಕ್ರೀಡಾಂಗಣವನ್ನು ತೊರೆದು ೨೦೦೫ರಲ್ಲಿ ತನ್ನದೇ ಹೊಸ ಅಂಗಣಕ್ಕೆ ಹೋದುದಕ್ಕೆ ಈ ದೂರವೂ ಒಂದು ಕಾರಣವಾಗಿತ್ತು. ಪ್ಯಾರಿಸಿನ ಹೊರವಲಯದಲ್ಲಿ ೧೯೯೮ರಲ್ಲಿ ತೆರೆದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕೆಳಗಣ ಆಸನಗಳ ಸಾಲನ್ನೇ ಹಿಂದೆ ಮುಂದೆ ಸರಿಸುವ ವ್ಯವಸ್ಥೆ ಮಾಡಿದರು. ಆದರೆ ಅದು ಹೆಚ್ಚು ವೆಚ್ಚದ ಉಪಾಯ.

೪. ಹುಲ್ಲು, ಮಣ್ಣು, ನೀರು

ಅಳತೆಯ ಇಕ್ಕಟ್ಟಿಗಿಂತಲೂ ತೀವ್ರವಾದುದು ನೆಲದ ಇಕ್ಕಟ್ಟು. ಬಿಸಿನಾಡುಗಳಲ್ಲಿ ಕಾಲ್ಚೆಂಡಿನ ಬಯಲಿಗೆ ಸಾಮಾನ್ಯವಾಗಿ ಬೆಳೆಸುವುದು ನಮ್ಮ ಗರಿಕೆಯ ಜಾತಿಗೆ ಸೇರಿದ ಹುಲ್ಲನ್ನು. ಗಣಪತಿಗೆ ಏರಿಸುವ ಗರಿಕೆ ಎಂಥ ತುಳಿತವನ್ನೂ ತಡೆದು ಚಿಗುರುವುದನ್ನು ನಮ್ಮ ರೈತರು ಬಲ್ಲರು. ಆದರೂ ಅದಕ್ಕೆ ಬಿಸಿಲು, ಗಾಳಿ, ಬಿಡುವು ಮೂರೂ ಬೇಕು. ಬೇರಿಗೆ ಗಾಳಿ ಒದಗುವುದು ಮಣ್ಣಿನ ಕಣಗಳ ನಡುವಣ ರಂಧ್ರಗಳಿಂದ. ಮೇಲಿನಿಂದ ಭಾರ ಬಿದ್ದು ಮಣ್ಣು ಗಟ್ಟಿಯಾದರೆ ಈ ರಂಧ್ರಗಳು ಮುಚ್ಚಿಹೋಗುತ್ತವೆ. ಆಗ ಮಳೆಯ ನೀರು ಇಂಗದೆ ಮೇಲೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ಆದಕಾರಣ ಆಧುನಿಕ ಬಯಲುಗಳಲ್ಲಿ ತಳಕ್ಕೆ ತೂತಿನ ಕೊಳವೆಗಳು, ಅವುಗಳ ಮೇಲೆ ಜಲ್ಲಿ, ಅದರ ಮೇಲೆ ಮರಳಿನ ಅಂಶ ಹೆಚ್ಚಾಗಿರುವ ಮಣ್ಣು, ಹೀಗೆ ಪದರಪದರವಾಗಿ ಹಾಕುತ್ತಾರೆ. ಹಳೆಯ ಕೆರೆಯ ಅಂಗಳದ ಹೂಳುಮಣ್ಣು ನೀರನ್ನು ಬಿಡಿಸಿಕೊಡುವ ಮಣ್ಣಲ್ಲ. ಬೆಂಗಳೂರಿನಲ್ಲಿ ಮಳೆ ಅತಿ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ. ಆದುದರಿಂದ ಇಂಥ ತಗ್ಗಿನ ನೆಲದಲ್ಲಿ ಬಯಲನ್ನು ಇಡುವವರು ಬಸಿಗಾಲುವೆಯ ಕಡೆಗೆ ವಿಶೇಷವಾಗಿ ಲಕ್ಷ್ಯ ಕೊಡಬೇಕಾಗುತ್ತದೆ.

ಅಥ್ಲೆಟಿಕ್ಸಿನ ಎಸೆತಗಳು ನಡೆಯುವುದೂ ಇದೇ ಹುಲ್ಲಿನ ಮೇಲೆ. ಪುರುಷರ ಹ್ಯಾಮರಿನ ತೂಕ ೭.೨೬ ಕಿಲೋಗ್ರಾಂ. ಎಪ್ಪತ್ತು ಮೀಟರಿನಷ್ಟು ದೂರದಿಂದ ಹಾರಿಬಂದು ಬಿದ್ದ ಈ ಗುಂಡು ಹುಲ್ಲಿನಲ್ಲಿ ಕುಳಿ ಮಾಡದೆ ಇರುವುದಿಲ್ಲ. ಎರಡು ಕಿಲೋಗ್ರಾಮಿನ ಡಿಸ್ಕಸ್ ಕೂಡ ಅಂಚಿನಿಂದ ನೆಲವನ್ನು ಸೀಳುತ್ತದೆ. ೮೦೦ ಗ್ರಾಮಿನ ಜಾವೆಲಿನ್‌ನಿಂದ ಹಾನಿ ಕಡಿಮೆ. ಅದರ ತೊಂದರೆ ದೂರದ್ದು. ಪೂರ್ವ ಜರ್ಮನಿಯ ಉವೆ ಹೋನ್ ೧೯೮೪ರಲ್ಲಿ ೧೦೪.೮೦ ಮೀಟರು ಎಸೆದಾಗ, ಒಳ ಅಂಗಳದಲ್ಲಿ ಈ ಕ್ರೀಡೆಯನ್ನು ಸುರಕ್ಷಿತವಾಗಿ ನಡೆಸುವುದೇ ಕಷ್ಟವೆಂಬ ಯೋಚನೆ ಹುಟ್ಟಿತು. ೧೯೮೬ರಿಂದ ಪುರುಷರ ಜಾವೆಲಿನ್‌ನ ಗುರುತ್ವಕೇಂದ್ರವನ್ನು ೪ ಸೆಂಟಿಮೀಟರು ಮುಂದಕ್ಕೆ ಸರಿಸಿ, ಅದು ಬೇಗ ಮೂತಿ ಬಾಗಿಸಿ ನೆಲ ಮುಟ್ಟುವಂತೆ ಮಾಡಿದರು. ಕ್ರೀಡಾಂಗಣದ ಅಳತೆ ಆಟದ ಉಪಕರಣವನ್ನೇ ಬದಲಿಸಿದುದಕ್ಕೆ ಇದು ಒಳ್ಳೆಯ ನಿದರ್ಶನ.

ಮುಂದಿನ ವಾರ ಪಂದ್ಯವಾಡಬೇಕಾದ ಕಾಲ್ಚೆಂಡಿನ ತಂಡವು ಹುಲ್ಲಿನಲ್ಲಿ ಕುಳಿ ಬೀಳುವುದನ್ನು ಸಹಿಸದು. ಮುಂದಿನ ತಿಂಗಳು ಸ್ಪರ್ಧೆಗೆ ಹೋಗಬೇಕಾದ ಹ್ಯಾಮರ್ ಎಸೆತಗಾರನು ಅಭ್ಯಾಸ ನಿಲ್ಲಿಸಲಾರನು. ಇಬ್ಬರ ಬೇಡಿಕೆಯೂ ನ್ಯಾಯವಾದುದೇ. ಕಂಠೀರವದಲ್ಲಿ ೨೦೧೪ರ ಬಳಿಕ ಕಾಲ್ಚೆಂಡಿನ ಪಂದ್ಯಗಳು ಹೆಚ್ಚಿದಂತೆ ಈ ವಿರೋಧವು ಬಹಿರಂಗವಾಗಿ ಚರ್ಚೆಗೆ ಬಂದುದು ಕ್ರೀಡಾಸಕ್ತರಿಗೆ ತಿಳಿದಿದೆ. ಅದನ್ನು ಕೇವಲ ಎರಡು ಪಕ್ಷಗಳ ಹಟವೆಂದು ನೋಡುವುದು ಸರಿಯಲ್ಲ. ಮೇಲೆ ಹೇಳಿದ ಅಳತೆ ಮತ್ತು ಮಣ್ಣಿನ ಗುಣಗಳಲ್ಲಿಯೇ ಅದರ ಬೀಜವಿದೆ.

೫. ಕಾಲ್ಚೆಂಡಾಟ ಮತ್ತು ಓಟದ ಆಟಗಳು

ಬೆಂಗಳೂರಿಗೆ ಕಾಲ್ಚೆಂಡಾಟ ಬಂದುದು ದಂಡಿನ ಸಿಪಾಯಿಗಳ ಜೊತೆಯಲ್ಲಿ. ದಂಡಿನ ಸುತ್ತಲಿನ ಬಡಾವಣೆಗಳ ಹುಡುಗರು ಅದನ್ನು ನೋಡಿ ಕಲಿತು, ಬೇಗನೆ ಕಲಿಸಿದವರನ್ನೇ ಸೋಲಿಸುವಂತಾದರು. ಬ್ಯಾಂಗಳೂರ್ ಮುಸ್ಲಿಮ್ಸ್ ತಂಡವು ೧೯೩೭ ಮತ್ತು ೧೯೩೮ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದುದು ಈ ಬೆಳವಣಿಗೆಯ ಮೊದಲ ದೊಡ್ಡ ಫಲ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನ ಮೊದಲ ಗೋಲನ್ನು ೧೯೪೮ರಲ್ಲಿ ಫ್ರಾನ್ಸಿನ ವಿರುದ್ಧ ಗಳಿಸಿಕೊಟ್ಟ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ, ಬರಿಗಾಲಿನ ಚಾತುರ್ಯಕ್ಕೆ ಹೆಸರಾದ ಅಹಮದ್ ಖಾನರೂ ಬೆಂಗಳೂರಿನವರೇ. ಮೈಸೂರು ರಾಜ್ಯದ ತಂಡವು ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯ ಹೀಗೆ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತು.

ಕಂಠೀರವವು ಇಂದಿನ ರೂಪದಲ್ಲಿ ಪ್ರಸಿದ್ಧಿಗೆ ಬಂದುದು ೧೯೯೭ರಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ನಡೆದ ನಾಲ್ಕನೆಯ ರಾಷ್ಟ್ರೀಯ ಕ್ರೀಡೆಗಳಿಂದ. ಅಂದು ಅದು ಮುಖ್ಯವಾಗಿ ಅಥ್ಲೆಟಿಕ್ಸಿನ ಅಂಗಣ. ೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡವು ಮೊದಲ ವರ್ಷ ಅಶೋಕನಗರದ ಕ್ರೀಡಾಂಗಣದಲ್ಲಿ ಆಡಿ, ಆ ವರ್ಷವೇ ಐ-ಲೀಗ್ ಗೆದ್ದು, ೨೦೧೪-೧೫ರಿಂದ ಕಂಠೀರವವನ್ನು ತನ್ನ ತವರು ಅಂಗಣವಾಗಿ ಮಾಡಿಕೊಂಡಿತು. ೨೦೧೬ರ ಅಕ್ಟೋಬರ್ ೧೯ರಂದು ಮಲೇಷ್ಯದ ಜೋಹೋರ್ ತಂಡವನ್ನು ಇಲ್ಲಿ ೩-೧ರಿಂದ ಸೋಲಿಸಿ, ಏಷ್ಯದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿದ ಮೊದಲ ಭಾರತೀಯ ತಂಡವೆನಿಸಿತು. ೨೦೧೭ರ ಅಕ್ಟೋಬರ್ ೧೧ರಂದು ಭಾರತವು ಮಕಾವ್ ತಂಡವನ್ನು ೪-೧ರಿಂದ ಗೆದ್ದು ೨೦೧೯ರ ಏಷ್ಯಾ ಕಪ್ಪಿಗೆ ಅರ್ಹವಾದುದೂ, ೨೦೨೩ರ ಜುಲೈ ೪ರಂದು ಕುವೈತ್ ತಂಡವನ್ನು ಪೆನಾಲ್ಟಿಗಳಲ್ಲಿ ೫-೪ರಿಂದ ಸೋಲಿಸಿ ದಕ್ಷಿಣ ಏಷ್ಯದ ಸ್ಯಾಫ್ ಪ್ರಶಸ್ತಿಯನ್ನು ಪಡೆದುದೂ ಇದೇ ಹುಲ್ಲಿನ ಮೇಲೆ.

ಹಾಗೆಂದು ಅಥ್ಲೆಟಿಕ್ಸ್ ಇಲ್ಲಿಂದ ಕಾಲ್ತೆಗೆಯಲಿಲ್ಲ. ೨೦೨೫ರ ಜುಲೈ ೫ರಂದು ಇಲ್ಲಿ ನಡೆದ ಅಂತಾರಾಷ್ಟ್ರೀಯ ಜಾವೆಲಿನ್ ಸ್ಪರ್ಧೆಯಲ್ಲಿ ನೀರಜ್ ಚೋಪ್ರಾ ೮೬.೧೮ ಮೀಟರು ಎಸೆದು ಮೊದಲಿಗರಾದರು. ಕೆನ್ಯದ ಜೂಲಿಯಸ್ ಯೇಗೊ ಎರಡನೆಯವರಾದರು. ಕಾಲ್ಚೆಂಡಿಗೆ ಒಪ್ಪಿಸಿಬಿಟ್ಟಿದ್ದಾರೆಂದು ಕೆಲವರು ಭಾವಿಸಿದ್ದ ಬಯಲಿನಲ್ಲಿ ಜಾವೆಲಿನ್ ಹಾರಿದುದನ್ನು ನೋಡಲು ಗ್ಯಾಲರಿಗಳು ತುಂಬಿದುವು. ಬಹೂಪಯೋಗವು ಸಾಧ್ಯವೆಂಬುದಕ್ಕೆ ಈ ದಿನವು ಪ್ರಮಾಣ. ಆದರೆ ಒಂದು ದಿನದ ಉತ್ಸವಕ್ಕೆ ಜಾಗ ಬಿಡಿಸಿಕೊಡುವುದು ಬೇರೆ, ಪ್ರತಿ ಮುಂಜಾನೆ ಅಭ್ಯಾಸಕ್ಕೆ ಬರುವ ಹುಡುಗಿಗೆ ಜಾಗ ಬಿಡಿಸಿಕೊಡುವುದು ಬೇರೆ.

೬. ಜನಸಂದಣಿಯ ಅಂಗಣ

ಆಟವಲ್ಲದ ಉಪಯೋಗಗಳನ್ನು ಈಗ ನೋಡಬಹುದು. ೨೦೦೬ರ ಏಪ್ರಿಲಿನಲ್ಲಿ ಡಾ. ರಾಜ್‌ಕುಮಾರ್ ಅವರೂ, ೨೦೧೮ರ ನವೆಂಬರಿನಲ್ಲಿ ಅಂಬರೀಷ್ ಅವರೂ, ೨೦೨೧ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರೂ ನಿಧನರಾದಾಗ ಅವರ ಪಾರ್ಥಿವ ಶರೀರಗಳನ್ನು ಜನರ ದರ್ಶನಕ್ಕೆ ಇರಿಸಿದುದು ಇಲ್ಲಿಯೇ. ಶ್ರೀ ಸಿದ್ದರಾಮಯ್ಯನವರು ೨೦೧೩ರ ಮೇ ೧೩ರಂದೂ ೨೦೨೩ರ ಮೇ ೨೦ರಂದೂ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದುದೂ ಇಲ್ಲಿಯೇ. ಪುನೀತ್ ಅವರ ದರ್ಶನಕ್ಕೆ ರಾಜ್ಯದ ಮೂಲೆಮೂಲೆಗಳಿಂದ ಬಂದವರಲ್ಲಿ ಅನೇಕರು ಇಲ್ಲಿ ಒಂದು ಪಂದ್ಯವನ್ನೂ ನೋಡಿರಲಾರರು. ಅವರ ಪಾಲಿಗೆ ಕಂಠೀರವವು ನಾಡಿನ ಶೋಕದ ಅಂಗಳ. ಈ ಉಪಯೋಗವನ್ನು ಅಲ್ಲಗಳೆಯುವುದು ಜನಜೀವನವನ್ನು ಅರಿಯದವರ ಮಾತಾದೀತು.

ಆದರೆ ಇಂಥ ಸಮಯಗಳಲ್ಲಿಯೇ ಕ್ರೀಡಾಂಗಣದ ರಚನೆ ಕಠಿಣ ಪರೀಕ್ಷೆಗೆ ಒಳಗಾಗುತ್ತದೆ. ಘಾನದ ರಾಜಧಾನಿ ಅಕ್ರಾದ ಕ್ರೀಡಾಂಗಣದಲ್ಲಿ ೨೦೦೧ರ ಮೇ ೯ರಂದು ಕಾಲ್ಚೆಂಡಿನ ಪಂದ್ಯದ ಕೊನೆಯಲ್ಲಿ ಗಲಭೆಯಾಗಿ, ಪೊಲೀಸರು ಅಶ್ರುವಾಯು ಹಾರಿಸಿದಾಗ ಹೊರಬರಲು ನುಗ್ಗಿದ ಜನರಲ್ಲಿ ೧೨೬ ಮಂದಿ ಮಡಿದರು. ಕಬ್ಬನ್ ಉದ್ಯಾನದ ಇನ್ನೊಂದು ಮಗ್ಗುಲಿನಲ್ಲಿರುವ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ೨೦೨೫ರ ಜೂನ್ ೪ರಂದು ಕ್ರಿಕೆಟ್ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣ ಕಳೆದುಕೊಂಡರು. ಮೊದಲನೆಯದು ಹೊರಬರುವಾಗ ಆದ ದುರಂತ. ಎರಡನೆಯದು ಒಳಹೋಗುವ ಮುನ್ನವೇ ಆದುದು.

ಜನಸಂದಣಿಯ ಚಲನೆಗೆ ತನ್ನದೇ ಆದ ನಿಯಮಗಳಿವೆ. ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರು ಇರುವತನಕ ಪ್ರತಿಯೊಬ್ಬನೂ ತನ್ನ ಇಚ್ಛೆಯಂತೆ ನಡೆಯಬಲ್ಲನು. ಐದಾರು ಜನಕ್ಕಿಂತ ಹೆಚ್ಚಾದರೆ ಗುಂಪು ದ್ರವದಂತೆ ವರ್ತಿಸುತ್ತದೆ. ಹಿಂದಿನವರ ಒತ್ತಡ ಅಲೆಯಾಗಿ ಮುಂದಕ್ಕೆ ಹರಿಯುತ್ತದೆ. ಮುಂದಿನವರಿಗೆ ಏನಾಗುತ್ತಿದೆಯೆಂಬುದು ಹಿಂದಿನವರಿಗೆ ತಿಳಿಯದು. ಇಂಥಲ್ಲಿ ಸಾಯುವವರಲ್ಲಿ ಹೆಚ್ಚಿನವರು ತುಳಿತದಿಂದಲ್ಲ, ಎದೆಯ ಮೇಲಿನ ಒತ್ತಡದಿಂದ ಉಸಿರುಕಟ್ಟಿ ಸಾಯುತ್ತಾರೆ. ಆದ್ದರಿಂದ ‘ಜನರ ಅಶಿಸ್ತು’ ಎಂಬ ಒಂದೇ ಮಾತಿನಿಂದ ಇಂಥ ಸಾವುಗಳನ್ನು ವಿವರಿಸುವುದು ಶಾಸ್ತ್ರೀಯವಲ್ಲ.

ಗ್ಲಾಸ್ಗೋವಿನ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ೧೯೭೧ರಲ್ಲಿ ೬೬ ಮಂದಿ ಸತ್ತ ಮೇಲೆ ಬ್ರಿಟನ್ನಿನಲ್ಲಿ ೧೯೭೩ರಲ್ಲಿ ಸುರಕ್ಷತೆಯ ಮಾರ್ಗದರ್ಶಿಯೊಂದು ಹೊರಬಂದು ಮುಂದೆ ಹಲವು ಸಲ ಪರಿಷ್ಕೃತವಾಯಿತು. ಅದರ ಪ್ರಕಾರ ಒಂದು ಮೀಟರು ಅಗಲದ ಸಮತಲ ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ ೮೨ ಜನರೂ, ಮೆಟ್ಟಿಲಿನ ದಾರಿಯಲ್ಲಿ ೬೬ ಜನರೂ ಸಾಗಬಲ್ಲರು. ಎಲ್ಲರೂ ಎಂಟು ನಿಮಿಷಗಳೊಳಗೆ ಹೊರದಾರಿಯನ್ನು ಸೇರುವಂತಿರಬೇಕು. ಇದನ್ನು ೨೫,೦೦೦ ಜನ ಕೂಡುವ ಅಂಗಣಕ್ಕೆ ಅನ್ವಯಿಸಿದರೆ ನಿಮಿಷಕ್ಕೆ ೩,೧೨೫ ಜನ ಸಾಗಬೇಕು. ಅದಕ್ಕೆ ಸಮತಲದಲ್ಲಾದರೆ ೩೮ ಮೀಟರು, ಮೆಟ್ಟಿಲುಗಳಲ್ಲಾದರೆ ೪೭ ಮೀಟರುಗಳಿಗೂ ಮೇಲ್ಪಟ್ಟ ಒಟ್ಟು ಅಗಲದ ದಾರಿ ಬೇಕು. ಒಂದು ಬಾಗಿಲಿಗೆ ಬೀಗ ಬಿದ್ದರೆ ಈ ಲೆಕ್ಕವೆಲ್ಲ ಕೆಟ್ಟಿತು. ಅಲ್ಲದೆ ಈ ಲೆಕ್ಕ ಟಿಕೆಟು ಪಡೆದು ನಿಗದಿಯಾದ ಆಸನದಲ್ಲಿ ಕೂಡುವವರಿಗೆ ಸರಿ. ಟಿಕೆಟಿಲ್ಲದ ಉಚಿತ ಸಮಾರಂಭಕ್ಕೆ ಎಷ್ಟು ಜನ ಬರುವರೆಂಬುದು ಮೊದಲೇ ತಿಳಿಯದು. ಆದಕಾರಣ ಆಟಕ್ಕೆ ಸುರಕ್ಷಿತವಾದ ಅಂಗಣವು ಸಮಾರಂಭಕ್ಕೂ ಸುರಕ್ಷಿತವೆಂದು ಭಾವಿಸುವಂತಿಲ್ಲ. ಪ್ರತಿಯೊಂದು ಉಪಯೋಗಕ್ಕೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು.

೭. ಯಾರ ಅಂಗಣ?

ಇಷ್ಟು ವಿವೇಚನೆಯಿಂದ ಒಂದು ಪ್ರಶ್ನೆ ಮೇಲೆದ್ದು ಬರುತ್ತದೆ. ಸಾರ್ವಜನಿಕರ ಹಣದಿಂದ ಸಾರ್ವಜನಿಕರ ಕೆರೆಯ ಮೇಲೆ ಕಟ್ಟಿದ ಅಂಗಣದಲ್ಲಿ ಉಪಯೋಗಗಳು ಪರಸ್ಪರ ವಿರೋಧಿಸಿದಾಗ ಯಾವುದಕ್ಕೆ ಮೊದಲ ಸ್ಥಾನ? ಪಂದ್ಯಕ್ಕೆ ಟಿಕೆಟಿನ ಆದಾಯವುಂಟು, ದೂರದರ್ಶನದ ಪ್ರಸಾರವುಂಟು. ಸಮಾರಂಭಕ್ಕೆ ಅಧಿಕಾರದ ಬಲವುಂಟು. ಮುಂಜಾನೆ ಅಭ್ಯಾಸಕ್ಕೆ ಬರುವ ಓಟಗಾರನಿಗಾಗಲಿ ಎಸೆತಗಾರನಿಗಾಗಲಿ ಇವೆರಡೂ ಇಲ್ಲ. ಆದುದರಿಂದ ನಿಯಮವಿಲ್ಲದ ಕಡೆ ಅವನೇ ಯಾವಾಗಲೂ ಹಿಂದಕ್ಕೆ ಸರಿಯಬೇಕಾಗುತ್ತದೆ. ವರ್ಷದ ಆರಂಭದಲ್ಲಿಯೇ ಪಂದ್ಯ, ಅಭ್ಯಾಸ, ಹುಲ್ಲಿನ ಬಿಡುವು, ಸಮಾರಂಭಗಳ ದಿನಗಳನ್ನು ಹಂಚಿ ಪ್ರಕಟಿಸುವುದು, ಎಸೆತಗಳ ಅಭ್ಯಾಸಕ್ಕೆ ಪ್ರತ್ಯೇಕವಾದ ಬಯಲನ್ನು ಒದಗಿಸುವುದು, ಇವೆರಡೂ ಕಷ್ಟಸಾಧ್ಯವಾದ ಕ್ರಮಗಳಲ್ಲ.

ಆದರೆ ಮೂಲ ಪರಿಹಾರ ಇರುವುದು ಕಂಠೀರವದ ಹೊರಗೆ. ಒಂದೇ ಅಂಗಣದ ಮೇಲೆ ಎಲ್ಲರ ಭಾರ ಬೀಳುವುದಕ್ಕೆ ಕಾರಣ ಬೇರೆ ಅಂಗಣಗಳ ಕೊರತೆ. ಮೇಲೆ ಹೇಳಿದ ಅಳತೆಯ ಎಂಟು ಲೇನಿನ ಟ್ರ್ಯಾಕಿಗೆ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು ೧೭೭ ಮೀಟರು ಉದ್ದ, ೯೩ ಮೀಟರು ಅಗಲದ ನೆಲ ಬೇಕು. ಇದು ನಾಲ್ಕು ಎಕರೆಗೆ ಸ್ವಲ್ಪ ಹೆಚ್ಚು. ಕಾಲ್ಚೆಂಡಿನ ಬಯಲು ಅದರೊಳಗೇ ಅಡಗುತ್ತದೆ. ಸಿಂಥೆಟಿಕ್ ಹಾಸಾಗಲಿ ಗ್ಯಾಲರಿಯಾಗಲಿ ಇಲ್ಲದೆ, ಸಮಮಾಡಿದ ಮಣ್ಣಿನ ಟ್ರ್ಯಾಕು ಮತ್ತು ಗರಿಕೆಯ ಬಯಲಿನಿಂದಲೇ ಅಭ್ಯಾಸ ಆರಂಭವಾಗಬಹುದು.

ನ‌ಮ್ಮ ಕೈಲಾಂಚ ಹೋಬಳಿಯಂಥ ಕಡೆ ಈ ಮಾತಿಗೆ ನಿಜವಾದ ಅರ್ಥವುಂಟು. ಸುತ್ತಲೂ ಬಂಡೆಯ ಬೆಟ್ಟ, ನಡುವೆ ಹಿಪ್ಪುನೇರಳೆಯ ತೋಟ, ರಾಗಿಯ ಹೊಲ ಇರುವ ಈ ನಾಡಿನಲ್ಲಿ ಮಟ್ಟಸವಾದ ನಾಲ್ಕು ಎಕರೆ ಸುಲಭವಾಗಿ ದೊರೆಯುವುದಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯು ೨೦೨೩ರಲ್ಲಿ ಹೊಸ ರೂಪದಲ್ಲಿ ತೆರೆದ ಮೇಲೆ ರಾಜಧಾನಿಯ ಬೆಳವಣಿಗೆಯ ಒತ್ತಡ ಇತ್ತ ಕಡೆಗೂ ಹಬ್ಬಿದೆ. ಗುಂಡುತೋಪು, ಗೋಮಾಳ, ಕೆರೆಯಂಗಳಗಳು ನಮ್ಮ ಹಿರಿಯರ ಬಹೂಪಯೋಗಿ ಅಂಗಣಗಳಾಗಿದ್ದುವು. ದನ ನಿಲ್ಲುವುದೂ ಜಾತ್ರೆ ಸೇರುವುದೂ ಹುಡುಗರು ಆಡುವುದೂ ಅಲ್ಲಿಯೇ. ಅವುಗಳಲ್ಲಿ ಉಳಿದಿರುವುದನ್ನು ಗುರುತಿಸಿ, ಕೆರೆಯನ್ನು ಕೆರೆಯಾಗಿಯೇ ಬಿಟ್ಟು, ಶಾಲೆಗೆ ಸಮೀಪವಾದ ಬಯಲನ್ನು ಆಟಕ್ಕೆಂದು ದಾಖಲೆಯಲ್ಲಿ ಮೀಸಲಿಡುವುದು ಈಗ ಸಾಧ್ಯ, ಮುಂದೆ ಸಾಧ್ಯವಾಗಲಾರದು.

ಈ ದಿಕ್ಕಿನಲ್ಲಿ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸ ಬಹಳವಿದೆ. ತಮ್ಮ ತಮ್ಮ ಹೋಬಳಿಯ ಹಳೆಯ ಗ್ರಾಮನಕ್ಷೆಗಳನ್ನು ಇಟ್ಟುಕೊಂಡು, ಯಾವ ಸಾರ್ವಜನಿಕ ನೆಲ ಯಾವ ಕಾಲದಲ್ಲಿ ಯಾವ ಉಪಯೋಗಕ್ಕೆ ಹೋಯಿತೆಂಬುದನ್ನು ಗುರುತುಮಾಡಿದರೆ ಅದು ಭೂಗೋಳ ಚರಿತ್ರೆಗಳೆರಡಕ್ಕೂ ಉಪಯುಕ್ತವಾದ ಸಾಮಗ್ರಿಯಾಗುತ್ತದೆ. ಸಂಪಂಗಿ ಕೆರೆ ಕಂಠೀರವವಾದ ಕಥೆ ಒಂದು ನಗರದ ಕಥೆ ಮಾತ್ರವಲ್ಲ. ಆ ಬದಲಾವಣೆಯಿಂದ ನಾಡಿಗೆ ಒಂದು ಶ್ರೇಷ್ಠವಾದ ಅಂಗಣ ದೊರೆಯಿತು, ಒಂದು ಕೆರೆ ಇಲ್ಲವಾಯಿತು. ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಅಧ್ಯಯನ ಮಾಡುವವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.